ಖಾಲಿ ಜಾಗಕ್ಕೂ ವಿಳಾಸ ಬೇಕು

ಬೆಂಗಳೂರಿನ ಒಂದು ಸ್ಪೋರ್ಟ್ಸ್ ಡೇಟಾ ಕಂಪನಿಯ ಫಿಕ್ಸ್ಚರ್ ಡೆಸ್ಕ್‌ನಲ್ಲಿ ನನ್ನ ಕೆಲಸ. ಸ್ಕೋರ್ ಆ್ಯಪ್ ತೆರೆದರೆ ಯಾವ ತಂಡಕ್ಕೆ ಯಾರು ಎದುರಾಳಿ, ಎಲ್ಲಿ, ಎಷ್ಟು ಗಂಟೆಗೆ ಅಂತ ಒಂದು ಸಾಲು ಕಾಣುತ್ತದಲ್ವಾ? ಆ ಸಾಲನ್ನು ಎಲ್ಲೋ ಕೂತು ಒಬ್ಬರು ತುಂಬಿಸಿರುತ್ತಾರೆ. ನನ್ನ ಪಾಲಿಗೆ ಬಂದಿರುವುದು ಯುರೋಪಿನ ಮಹಿಳಾ ಕ್ಲಬ್ ಫುಟ್‌ಬಾಲ್. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇಷ್ಟು: ಇನ್ನೂ ತೀರ್ಮಾನವಾಗದ್ದನ್ನು ಖಾಲಿ ಬಿಡಬೇಕು. ಆದರೆ ಸುಮ್ನೆ ಖಾಲಿ ಬಿಟ್ಟರೆ ಸಾಲದು. ಆ ಜಾಗ ಯಾವ ಪಂದ್ಯದಿಂದ, ಯಾವತ್ತು ತುಂಬುತ್ತದೆ ಎಂದು ಪಕ್ಕದಲ್ಲೇ ಬರೆದಿಡಬೇಕು.

ಇದು ನನ್ನ ತಲೆಗೆ ಗಟ್ಟಿಯಾಗಿ ಕೂತದ್ದು 2023ರಲ್ಲಿ. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಗ 16 ತಂಡಗಳ ಗುಂಪು ಹಂತ ಇತ್ತು. ಅದರಲ್ಲಿ ನಾಲ್ಕೇ ತಂಡಕ್ಕೆ ನೇರ ಪ್ರವೇಶ. ಉಳಿದ 12 ಅರ್ಹತಾ ಸುತ್ತುಗಳನ್ನು ದಾಟಿ ಬರಬೇಕು. ನಮ್ಮಿಂದ ಡೇಟಾ ತಗೊಳ್ಳುವ ಒಂದು ಆ್ಯಪ್‌ನವರು ಗುಂಪು ಹಂತದ ಪುಟಗಳನ್ನು ಮುಂಚೆಯೇ ಸಿದ್ಧ ಮಾಡಿಕೊಳ್ಳಲು ಹೊರಟಿದ್ದರು. ಇಂಗ್ಲೆಂಡಿನ ಆರ್ಸೆನಲ್, ಜರ್ಮನಿಯ ವೋಲ್ಫ್ಸ್‌ಬರ್ಗ್ ಹೇಗಿದ್ದರೂ ಬಂದೇ ಬರುತ್ತವೆ, ಹೆಸರು ಹಾಕಿಕೊಡಿ ಎಂದು ಒತ್ತಾಯ. ಅವರ ಲೆಕ್ಕದಲ್ಲಿ ತರ್ಕ ಇರಲಿಲ್ಲ ಅಂತಲ್ಲ. ಹಿಂದಿನ ಸೀಸನ್‌ನಲ್ಲಿ ಆರ್ಸೆನಲ್ ಸೆಮಿಫೈನಲ್ ಆಡಿತ್ತು. ಅದನ್ನು ಸೋಲಿಸಿದ ವೋಲ್ಫ್ಸ್‌ಬರ್ಗ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 3–2ರಲ್ಲಿ ಸೋತಿತ್ತು. ಆದರೂ ನಮ್ಮ ಟೀಮ್ ಲೀಡ್ ಒಪ್ಪಲಿಲ್ಲ. ‘ಎರಡನೇ ಸುತ್ತು, ಇಂಥ ಜೋಡಿಯ ವಿಜೇತ’ ಎಂದಷ್ಟೇ ಕಳಿಸಿದರು. ಆ ಆ್ಯಪ್‌ನವರು ತಮ್ಮ ಕಡೆಯಿಂದ ತಾವೇ ಹೆಸರು ಸೇರಿಸಿಕೊಂಡರು.

ಆ ವರ್ಷದ ಮಹಿಳಾ ವಿಶ್ವಕಪ್ ಫೈನಲ್ ನಡೆದದ್ದು ಆಗಸ್ಟ್ 20ರಂದು, ಸಿಡ್ನಿಯಲ್ಲಿ. ಆರ್ಸೆನಲ್‌ನ ಮೊದಲ ಅರ್ಹತಾ ಪಂದ್ಯ ಸೆಪ್ಟೆಂಬರ್ 6ಕ್ಕೆ, ಸ್ವೀಡನ್‌ನ ಲಿನ್‌ಶೋಪಿಂಗ್‌ನಲ್ಲಿ. ಆಟಗಾರ್ತಿಯರು ಭೂಮಿಯ ಆ ತುದಿಯಿಂದ ಬಂದು ಉಸಿರು ಬಿಡುವುದರೊಳಗೆ ಸೀಸನ್ನಿನ ಅತಿ ಮುಖ್ಯ ಪಂದ್ಯ. ಲಿನ್‌ಶೋಪಿಂಗ್ ತಂಡವನ್ನು 3–0ಯಿಂದ ಗೆದ್ದರು. ಸೆಪ್ಟೆಂಬರ್ 9ಕ್ಕೆ ಪ್ಯಾರಿಸ್ ಎಫ್‌ಸಿ ಎದುರು 3–3, ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಶೂಟೌಟ್‌ನಲ್ಲಿ 4–2ರ ಸೋಲು. ಲೀಗ್ ಋತು ಶುರುವಾಗುವ ಮೊದಲೇ ಯುರೋಪ್ ಮುಗಿಯಿತು. ಮುಂದಿನ ಸುತ್ತಿನಲ್ಲಿ ಅದೇ ಪ್ಯಾರಿಸ್ ಎಫ್‌ಸಿ ವೋಲ್ಫ್ಸ್‌ಬರ್ಗ್‌ಅನ್ನೂ ಹೊರಗೆ ಹಾಕಿತು: ತವರಲ್ಲಿ 3–3, ಜರ್ಮನಿಯಲ್ಲಿ 2–0. ಹೇಗಿದ್ದರೂ ಬರುತ್ತವೆ ಅಂದ ಎರಡೂ ತಂಡ ಬರಲಿಲ್ಲ. ಆ ಆ್ಯಪ್‌ನವರು ಪುಟಗಳನ್ನು ಕಿತ್ತು ಹಾಕಿ ಮತ್ತೆ ಕಟ್ಟಬೇಕಾಯಿತು. ಅವಸರದಲ್ಲಿ ಪ್ಯಾರಿಸ್ ಎಫ್‌ಸಿ ಹೆಸರಿನ ಪಕ್ಕ ಪ್ಯಾರಿಸ್ ಸೇಂಟ್ ಜರ್ಮೇನ್ ಲಾಂಛನವೂ ಬಂತು. ಒಂದೇ ಊರಿನ ಬೇರೆ ಬೇರೆ ಕ್ಲಬ್ ಅವು. ಗೆದ್ದ ಹುಡುಗಿಯರಿಗೆ ಆದ ಅನ್ಯಾಯ ಅದು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಎರಡು ದೊಡ್ಡ ತಂಡಗಳನ್ನು ಮಣಿಸಿ ಬಂದವರಿಗೆ ಅವರ ಗುರುತೇ ಸಿಗಲಿಲ್ಲ.

ಅರ್ಹತೆಯ ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. ಇಲ್ಲಿ ಎರಡು ದಾರಿ. ದೇಶದ ಲೀಗ್ ಗೆದ್ದವರಿಗೆ ಚಾಂಪಿಯನ್ಸ್ ದಾರಿ, ಎರಡನೇ ಮೂರನೇ ಸ್ಥಾನದವರಿಗೆ ಲೀಗ್ ದಾರಿ. ಸಣ್ಣ ದೇಶದ ಚಾಂಪಿಯನ್ ತಂಡ ಶುರುವಿನಲ್ಲೇ ಇಂಗ್ಲೆಂಡಿನ ಮೂರನೇ ತಂಡಕ್ಕೆ ಸಿಕ್ಕಿ ಮನೆಗೆ ಹೋಗಬಾರದು ಎನ್ನುವುದು ಇದರ ಉದ್ದೇಶ. ಒಳ್ಳೆಯ ವ್ಯವಸ್ಥೆ ಅಂತಲೇ ನನ್ನ ಅಭಿಪ್ರಾಯ. ಆದರೆ ಎಲ್ಲ ದೇಶದ ಕ್ಯಾಲೆಂಡರ್ ಒಂದೇ ಥರ ಇಲ್ಲ. ನಾರ್ವೆ, ಸ್ವೀಡನ್‌ನಲ್ಲಿ ಚಳಿಗೆ ಮೈದಾನ ಹೆಪ್ಪುಗಟ್ಟುತ್ತದೆ, ಹಾಗಾಗಿ ಲೀಗ್ ವಸಂತದಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ. 2024ರಲ್ಲಿ ನಾರ್ವೆ ಲೀಗ್ ಗೆದ್ದ ವೊಲೆರೆಂಗಾ, ಆ ಗೆಲುವಿನ ಬಲದ ಮೇಲೆ ಯುರೋಪಿನಲ್ಲಿ ಆಡಿದ್ದು 2025ರ ಶರತ್ಕಾಲದಲ್ಲಿ. ಅಷ್ಟರಲ್ಲಿ ಆಟಗಾರ್ತಿಯರು ಕ್ಲಬ್ ಬದಲಿಸಿರಬಹುದು. ಡಿಸೆಂಬರ್‌ನ ಪಂದ್ಯ ಬರುವ ಹೊತ್ತಿಗೆ ಅವರ ದೇಶದ ಲೀಗೇ ಮುಗಿದಿರುತ್ತದೆ, ವಾರಾಂತ್ಯದ ಪಂದ್ಯಗಳೇ ಇರುವುದಿಲ್ಲ. ಹೊಸಬರು ಇಂಥ ತಂಡದ ಸಾಲು ನೋಡಿ ‘ಹಳೇ ಡೇಟಾ, ತಪ್ಪಾಗಿದೆ’ ಎಂದು ಅಳಿಸಲು ಹೋಗುತ್ತಾರೆ. ಅಳಿಸುವ ಮೊದಲು ಆ ತಂಡ ಯಾವ ಸೀಸನ್ನಿನ ಅರ್ಹತೆಯಿಂದ ಬಂತು ಅಂತ ನೋಡಿ ಎನ್ನುತ್ತೇನೆ.

ಅರ್ಹತೆಯ ಶುರುವಿನ ಸುತ್ತುಗಳು ನಡೆಯುವುದು ಕಿರು ಟೂರ್ನಿಗಳಾಗಿ. ಅದರ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ನಾಲ್ಕು ತಂಡ, ಒಂದು ಆತಿಥೇಯ ಊರು. ಒಂದು ದಿನ ಎರಡು ಸೆಮಿಫೈನಲ್, ಎರಡು ದಿನ ಬಿಟ್ಟು ಫೈನಲ್ ಮತ್ತು ಮೂರನೇ ಸ್ಥಾನದ ಪಂದ್ಯ. ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವ ಡ್ರಾ ಆದ ದಿನ ಹೆಸರು ಸಿಗುವುದು ಸೆಮಿಫೈನಲ್‌ಗಳಿಗೆ ಮಾತ್ರ. ಉಳಿದೆರಡು ಸಾಲುಗಳಲ್ಲಿ ‘ಮೊದಲ ಸೆಮಿ ಗೆದ್ದವರು’, ‘ಮೊದಲ ಸೆಮಿ ಸೋತವರು’ ಅಂತ ಕೊಂಡಿ ಹಾಕುತ್ತೇವೆ. ಫೈನಲ್ ಗೆದ್ದವರ ಕೊಂಡಿ ಮುಂದಿನ ಸುತ್ತಿನ ಡ್ರಾಗೆ ಹೋಗುತ್ತದೆ. ಅಲ್ಲಿಂದ ಲೀಗ್ ಹಂತದ (ಹಳೆಯ ಗುಂಪು ಹಂತದ ಜಾಗದಲ್ಲಿ ಈಗಿರುವುದು) ಡ್ರಾಗೆ. ಆಗಸ್ಟ್‌ನ ಒಂದು ಸಾಲಿನಲ್ಲಿ ಕೊಂಡಿ ತಪ್ಪಿದರೆ ಅಕ್ಟೋಬರ್‌ನ ಪುಟದಲ್ಲಿ ಬೇರೆ ದೇಶದ ತಂಡ ನಿಂತಿರುತ್ತದೆ.

ಗಂಟೆಯ ವಿಷಯವೂ ಸಣ್ಣದಲ್ಲ. ಲೀಗ್ ಹಂತದ ಪಂದ್ಯಗಳು ಸಾಮಾನ್ಯವಾಗಿ ಮಧ್ಯ ಯುರೋಪಿನ ಸಂಜೆ 6.45ಕ್ಕೆ, ರಾತ್ರಿ 9ಕ್ಕೆ. ಅಕ್ಟೋಬರ್‌ನಲ್ಲಿ ಅದು ನಮಗೆ ರಾತ್ರಿ 10.15 ಮತ್ತು 12.30. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ನಮಗೆ 11.15 ಮತ್ತು 1.30. ಅಂದರೆ ಅಲ್ಲಿ ಬುಧವಾರ ರಾತ್ರಿ 9ಕ್ಕೆ ಆಡುವ ಪಂದ್ಯ ಇಲ್ಲಿ ಗುರುವಾರಕ್ಕೆ ಬೀಳುತ್ತದೆ. ಕಜಾಕಸ್ತಾನದ ಶಿಮ್ಕೆಂಟ್‌ನ ಬಿಐಐಕೆ ತಂಡ ಅರ್ಹತಾ ಸುತ್ತಿನ ಹಳೇ ಪರಿಚಯ. ಆ ಊರು 2024ರ ಫೆಬ್ರವರಿ ಮುಗಿಯುವ ತನಕ ನಮಗಿಂತ ಅರ್ಧ ಗಂಟೆ ಮುಂದಿತ್ತು. ಮಾರ್ಚ್ 1ರಿಂದ ಇಡೀ ದೇಶಕ್ಕೆ ಒಂದೇ ಸಮಯ ಮಾಡಿದರು, ಶಿಮ್ಕೆಂಟ್ ನಮಗಿಂತ ಅರ್ಧ ಗಂಟೆ ಹಿಂದೆ ಹೋಯಿತು. ಅದಕ್ಕೇ ಸ್ಥಳೀಯ ಸಮಯ ಮತ್ತು ಊರಿನ ಹೆಸರು ಎರಡನ್ನೂ ಇಟ್ಟುಕೊಳ್ಳುತ್ತೇವೆ. ಬರೀ ಭಾರತದ ಸಮಯ ಬರೆದಿಟ್ಟರೆ ಮುಂದೆ ಸರಿಪಡಿಸಲು ಆಧಾರವೇ ಇರುವುದಿಲ್ಲ.

ಇಷ್ಟು ಶ್ರಮ ಯಾರೂ ನೋಡದ ಆಗಸ್ಟ್ ಪಂದ್ಯಗಳಿಗೆ ಬೇಕಾ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಮನೀಷಾ ಕಲ್ಯಾಣ್ ಹೆಸರು ಹೇಳುತ್ತೇನೆ. ಪಂಜಾಬಿನ ಈ ಹುಡುಗಿ 2022ರ ಆಗಸ್ಟ್‌ನಲ್ಲಿ ಸೈಪ್ರಸ್‌ನ ಅಪೋಲೋನ್ ಲೇಡೀಸ್ ಪರ ಆಡಿ, ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಕಣಕ್ಕಿಳಿದ ಮೊದಲ ಭಾರತೀಯಳಾದಳು. ಎದುರಾಳಿ ಲಾಟ್ವಿಯಾದ ರೀಗಾ ತಂಡ. ಅದು ಇಂಥದ್ದೇ ಕಿರು ಟೂರ್ನಿಯ, ಮೊದಲ ಸುತ್ತಿನ ಪಂದ್ಯ. ಆ ಸಾಲು ಸರಿಯಾಗಿ ಇಲ್ಲದಿದ್ದರೆ ಅವಳ ಪಂದ್ಯವನ್ನು ಹುಡುಕಿದ ನಮ್ಮ ದೇಶದವರಿಗೆ ಏನು ಸಿಗುತ್ತಿತ್ತು?

ಆರ್ಸೆನಲ್ ಕತೆಗೆ ಮುಂದಿನ ಭಾಗವೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಮೊದಲ ಸುತ್ತು. ಈ ಸಲ ತಮ್ಮದೇ ಮೈದಾನ ಮೆಡೋ ಪಾರ್ಕ್‌ನಲ್ಲಿ ರೇಂಜರ್ಸ್ ಎದುರು 6–0, ರೋಸೆನ್‌ಬೋರ್ಗ್ ಎದುರು ಕಷ್ಟಪಟ್ಟು 1–0. ಸ್ವೀಡನ್‌ನ ಹೇಕನ್ ಎದುರು ಎರಡು ಪಂದ್ಯಗಳ ಮುಖಾಮುಖಿಯಲ್ಲಿ ಮೊದಲ ಪಂದ್ಯ (ಲೆಗ್) 1–0ಯಿಂದ ಸೋತು, ಎರಡನೆಯದನ್ನು 4–0ಯಿಂದ ಗೆದ್ದರು. ಗುಂಪು ಹಂತದ ಮೊದಲ ಪಂದ್ಯದಲ್ಲಿ ಬಾಯರ್ನ್ ಐದು ಗೋಲು ಹೊಡೆಯಿತು, ಕೋಚ್ ಯೋನಾಸ್ ಐಡೆವಾಲ್ ರಾಜೀನಾಮೆ ಕೊಟ್ಟರು, ರೆನೆ ಸ್ಲೇಗರ್ಸ್ ಬಂದರು. ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎರಡರಲ್ಲೂ ಮೊದಲ ಲೆಗ್ ಸೋತು ಎರಡನೆಯದರಲ್ಲಿ ತಿರುಗಿ ಬಿದ್ದರು. 2025ರ ಮೇ 24ರಂದು ಲಿಸ್ಬನ್‌ನಲ್ಲಿ ಸ್ಟೀನಾ ಬ್ಲಾಕ್‌ಸ್ಟೇನಿಯಸ್ ಹೊಡೆದ ಒಂದೇ ಗೋಲಿನಿಂದ ಬಾರ್ಸಿಲೋನಾವನ್ನು ಸೋಲಿಸಿ ಕಪ್ ಎತ್ತಿದರು. ಅರ್ಹತೆಯ ಮೊದಲ ಸುತ್ತಿನಿಂದಲೇ ಶುರು ಮಾಡಿ ಕಪ್ ಗೆದ್ದ ಮೊದಲ ತಂಡ ಅದು. ಒಟ್ಟು 15 ಪಂದ್ಯ. ನಮ್ಮ ಡೇಟಾದಲ್ಲಿ ಮೊದಲ ಕೊಂಡಿಯಿಂದ ಕೊನೆಯ ಕೊಂಡಿಯವರೆಗೆ ಒಮ್ಮೆ ಓಡಿಸಿ ನೋಡಿದೆ. ಎಲ್ಲೂ ಕಡಿದಿರಲಿಲ್ಲ. ನನಗೆ ಅವತ್ತು ತುಂಬಾ ಖುಷಿಯಾಗಿತ್ತು.

2025–26ರಿಂದ ಸ್ವರೂಪ ಬದಲಾಗಿದೆ. ಈಗ 18 ತಂಡಗಳ ಒಂದೇ ಲೀಗ್ ಪಟ್ಟಿ. ಒಂಬತ್ತು ತಂಡ ನೇರ, ಒಂಬತ್ತು ಅರ್ಹತೆಯಿಂದ. ಪ್ರತಿ ತಂಡಕ್ಕೆ ಆರು ಬೇರೆ ಬೇರೆ ಎದುರಾಳಿ, ಒಟ್ಟು 54 ಪಂದ್ಯ. ಮೊದಲ ನಾಲ್ಕು ತಂಡ ನೇರ ಕ್ವಾರ್ಟರ್‌ಫೈನಲ್‌ಗೆ, 5ರಿಂದ 12ರವರೆಗಿನವರಿಗೆ ಪ್ಲೇಆಫ್. ಅರ್ಹತೆಯ ಕೊನೆಯ ಪಂದ್ಯಗಳು ಮುಗಿದದ್ದು 2025ರ ಸೆಪ್ಟೆಂಬರ್ 18ಕ್ಕೆ, ಡ್ರಾ ಮರುದಿನವೇ, ಲೀಗ್ ಹಂತ ಶುರುವಾದದ್ದು ಅಕ್ಟೋಬರ್ 7ಕ್ಕೆ. ಮೂರು ವಾರವೂ ಇಲ್ಲದ ಆ ಅವಧಿಯಲ್ಲಿ ಕ್ಲಬ್‌ಗಳು ಮೈದಾನ, ವಿಮಾನ, ಟಿಕೆಟ್ ಎಲ್ಲ ನೋಡಿಕೊಳ್ಳಬೇಕು. ಪುರುಷರ ತಂಡದ ಜತೆ ಕ್ರೀಡಾಂಗಣ ಹಂಚಿಕೊಳ್ಳುವವರ ಪಾಡು ಇನ್ನೂ ಕಷ್ಟ. ಕೊನೆಯ ಸುತ್ತಿನ ಒಂಬತ್ತೂ ಪಂದ್ಯ ಡಿಸೆಂಬರ್ 17ಕ್ಕೆ ಒಂದೇ ಹೊತ್ತಿಗೆ. ಜತೆಗೆ ಯುರೋಪಾ ಕಪ್ ಎಂಬ ಎರಡನೇ ಟೂರ್ನಿಯೂ ಬಂದಿದೆ, ಅರ್ಹತೆಯಲ್ಲಿ ಸೋತ ಕೆಲವು ತಂಡಗಳು ಅಲ್ಲಿಗೆ ಹೋಗುತ್ತವೆ. ಹಾಗಾಗಿ ಈಗ ಸೋತವರ ಕೊಂಡಿಯನ್ನೂ ಗೆದ್ದವರದ್ದರಷ್ಟೇ ಜೋಪಾನವಾಗಿ ಇಡಬೇಕು.

ಒತ್ತಡದ ಇನ್ನೊಂದು ಮುಖ ನೋಡಬೇಕಾದರೆ 2025ರ ಮಾರ್ಚ್ ತೆಗೆಯಿರಿ. ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಸಿಟಿ 15, 19, 23, 27ರಂದು ನಾಲ್ಕು ಸಲ ಎದುರಾದವು. ಒಂದು ಲೀಗ್ ಕಪ್ ಫೈನಲ್, ಎರಡು ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್ ಲೆಗ್, ನಡುವೆ ಒಂದು ಲೀಗ್ ಪಂದ್ಯ. ಸಿಟಿ ಗೆದ್ದದ್ದು 19ರಂದು ಮಾತ್ರ, 2–0. 27ಕ್ಕೆ ಚೆಲ್ಸಿ 3–0ಯಿಂದ ಅದನ್ನು ಅಳಿಸಿತು. ಮೂರು ಟೂರ್ನಿಗಳ ಮೂರು ಕ್ಯಾಲೆಂಡರ್ ಒಂದರ ಮೇಲೊಂದು ಬಿದ್ದರೆ ಹೀಗಾಗುತ್ತದೆ. ಪರದೆಯ ಮೇಲೆ ನಾಲ್ಕು ಸಾಲು ಅಷ್ಟೇ. ಮೈದಾನದಲ್ಲಿ ಅವೇ ಕಾಲುಗಳು, ನಾಲ್ಕು ದಿನಕ್ಕೊಂದು ಪಂದ್ಯ.

ನಮ್ಮ ಆಫೀಸಿನಲ್ಲಿ ಮೊದಲೆಲ್ಲ ಮಹಿಳಾ ಡೆಸ್ಕ್ ಪೂರ್ತಿ ತೆರೆಯುತ್ತಿದ್ದದ್ದು ಅಕ್ಟೋಬರ್‌ಗೆ. ಬೇಸಿಗೆಯ ಸುತ್ತುಗಳನ್ನು ಬಿಡುವಿದ್ದವರು ನೋಡಿಕೊಳ್ಳುತ್ತಿದ್ದರು. ಅರ್ಹತೆಯ ಮೊದಲ ಪಂದ್ಯದಿಂದಲೇ ಜನ ಬೇಕು ಎಂದು ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ ಕೇಳುತ್ತಾ ಬಂದೆವು. ಪ್ಯಾರಿಸ್ ಎಫ್‌ಸಿ ಪ್ರಕರಣವನ್ನೇ ಮುಂದಿಟ್ಟೆವು. ಈಗ ಜುಲೈ ಕೊನೆಗೆ ರೋಸ್ಟರ್ ಶುರುವಾಗುತ್ತದೆ, ರಾತ್ರಿ ಪಾಳಿಗೆ ಇಬ್ಬರು ಇರುತ್ತಾರೆ. ಹೊಸದಾಗಿ ಸೇರಿದವರಿಗೆ ಮೊದಲು ಕೊಡುವ ಕೆಲಸ ಒಂದು ಕಿರು ಟೂರ್ನಿಯ ನಾಲ್ಕು ಸಾಲು. ಅದನ್ನು ಸರಿಯಾಗಿ ಕಟ್ಟಿದ ಮೇಲೆಯೇ ಬಾರ್ಸಿಲೋನಾ, ಚೆಲ್ಸಿ ಪುಟಗಳನ್ನು ಮುಟ್ಟಲು ಬಿಡುತ್ತೇವೆ.