ಜಗಳ ಅವರದು, ಫೈಲು ನಮ್ಮದು

ವಿಜಯಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ, ಉತಾರ (ಪಹಣಿ) ತೆಗೆದುಕೊಡುವುದು, ಸೀಸನ್‌ನಲ್ಲಿ ಒಂದಿಬ್ಬರು ಒಣದ್ರಾಕ್ಷಿ ವ್ಯಾಪಾರಿಗಳ ಲೆಕ್ಕ ಬರೆಯುವುದು. ದೇಶ ವಿದೇಶದ ಜಗಳದ ಬಗ್ಗೆ ಬರೆಯೋಕೆ ನಾನು ಯಾರು ಅಂತ ಕೇಳಬಹುದು. ಆದರೆ ಆ ಜಗಳ ದಿನಾ ನನ್ನ ಕೌಂಟರಿಗೇ ಬರುತ್ತದೆ, ಫೋನಿನ ರೂಪದಲ್ಲಿ.

2025ರ ಮೇ ತಿಂಗಳು. ಆಪರೇಷನ್ ಸಿಂಧೂರ ಶುರುವಾಗಿ ಎರಡು ದಿನ ಆಗಿತ್ತು. ತಿಕೋಟಾ ಕಡೆಯ ಒಬ್ಬ ಕಾಕಾ ಬಂದರು. ನಾಲ್ಕು ಎಕರೆ ದ್ರಾಕ್ಷಿ ಇದೆ ಅವರದು, ಮೊಮ್ಮಗ ಸೈನ್ಯದಲ್ಲಿದ್ದಾನೆ, ಆಗ ಜಮ್ಮು ಕಡೆ ಇದ್ದ. ಎರಡು ದಿನದಿಂದ ಅವನ ಫೋನ್ ಬಂದಿರಲಿಲ್ಲ. ಕಾಕಾ ತಮ್ಮ ಫೋನನ್ನು ಗಾಜಿನ ಮೇಲೆ ಇಟ್ಟು, "ತಮ್ಮಾ, ಇದರಾಗ ಹೊರಗಿನ ದೇಶದ್ದು ಏನೇನ್ ಐತಿ, ಎಲ್ಲಾ ತಗದಬಿಡು. ನಮ್ಮದಷ್ಟ ಇರಲಿ" ಅಂದರು.

ನಾನು ಫೋನ್ ಕೈಗೆ ತಗೊಂಡೆ. ಕಂಪನಿ ಚೀನಾದ್ದು. ಚಿಪ್ ತೈವಾನ್ ಕಂಪನಿಯದು. ಆಂಡ್ರಾಯ್ಡ್ ಅಮೆರಿಕದ್ದು, ವಾಟ್ಸಾಪ್ ಕೂಡ ಅಲ್ಲಿಯದೇ. ನಮ್ಮದು ಅಂತ ಉಳಿದದ್ದು ಸಿಮ್ಮು, ದುಡ್ಡು ಕಳಿಸುವ ಯುಪಿಐ, ಮತ್ತೆ ಗ್ಯಾಲರಿಯಲ್ಲಿದ್ದ ಫೋಟೋಗಳು. ಮೊಮ್ಮಗ ಯೂನಿಫಾರಂ ಹಾಕಿಕೊಂಡು ನಿಂತಿದ್ದ ಒಂದು ಫೋಟೋ ಇತ್ತು, ಪಕ್ಕದಲ್ಲಿ ಅಜ್ಜಿ. ಆ ಫೋಟೋ ಸಹ ತಾನಾಗೇ ಎಲ್ಲೋ ದೂರದ ಸರ್ವರ್‌ಗೆ ಹೋಗಿ ಕೂತಿತ್ತು, ಕಾಕಾಗೆ ಅದು ಗೊತ್ತೂ ಇರಲಿಲ್ಲ.

"ಹಂಗ ತಗಿಯಾಕ ಬರಂಗಿಲ್ಲ ಕಾಕಾ" ಅಂದೆ. ಸಾಲ ಕೊಡ್ತೀವಿ ಅನ್ನುವ ಎರಡು ಆಪ್ ಇದ್ದವು, ಅವನ್ನು ಅಳಿಸಿ ಕಳಿಸಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಆದರೆ ಅವರ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಅದು ಅವತ್ತಿನಿಂದ ಮನಸ್ಸಿನಲ್ಲೇ ಇದೆ.

ಅವರ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. 2024ರ ಸೆಪ್ಟೆಂಬರ್ 17ರಂದು ಲೆಬನಾನ್‌ನಲ್ಲಿ ಜನರ ಸೊಂಟದಲ್ಲಿದ್ದ ಪೇಜರ್‌ಗಳು, ಅಂದರೆ ಸಂದೇಶ ಬರುವ ಸಣ್ಣ ಯಂತ್ರಗಳು, ಒಂದೇ ಹೊತ್ತಿಗೆ ಸಿಡಿದವು, ಮರುದಿನ ವಾಕಿಟಾಕಿಗಳು. ಸತ್ತವರಲ್ಲಿ ಮಕ್ಕಳೂ ಇದ್ದರು. ಪೇಜರ್ ಮೇಲಿದ್ದದ್ದು ತೈವಾನ್ ಕಂಪನಿಯ ಹೆಸರು, ಒಳಗೆ ಯಾರೋ ತುಂಬಿದ್ದು ಸಿಡಿಮದ್ದು. ಕೈಯಲ್ಲಿರುವ ವಸ್ತು ಯಾರ ಮಾತು ಕೇಳುತ್ತದೆ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ. ನಾನು ಒಪ್ಪದಿರುವುದು ಒಂದೇ: ದೇಶದ ಹೆಸರು ನೋಡಿ ನಂಬಬಹುದು, ದೇಶದ ಹೆಸರು ನೋಡಿ ಬಿಡಬಹುದು ಅನ್ನುವುದು.

ಮೊದಲು ನನ್ನದೇ ನಷ್ಟ ಹೇಳುತ್ತೇನೆ. 2020ರ ಜೂನ್ 15ಕ್ಕೆ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತರು. ಎರಡು ವಾರದ ಮೇಲೆ, ಜೂನ್ 29ಕ್ಕೆ, ಸರ್ಕಾರ 59 ಚೀನಾ ಆಪ್‌ಗಳನ್ನು ನಿಷೇಧಿಸಿತು. ನಾನು ಸರಿ ಅಂದೆ, ಇವತ್ತಿಗೂ ಸರಿ ಅಂತಲೇ ಅನ್ನುತ್ತೇನೆ. ಆದರೆ ಆ 59ರಲ್ಲಿ ನಾನು ಎರಡು ವರ್ಷದಿಂದ ಬಳಸುತ್ತಿದ್ದ ಸ್ಕ್ಯಾನ್ ಮಾಡುವ ಆಪ್ ಒಂದಿತ್ತು. ಅಂಗಡಿಯ ಸ್ಕ್ಯಾನರ್ ಕೆಟ್ಟಾಗ ಅದರಲ್ಲೇ ಕೆಲಸ ನಡೆಸಿದ್ದೆ, ಮನೆಯ ಕಾಗದಗಳನ್ನೂ ಅದರಲ್ಲೇ ಇಟ್ಟಿದ್ದೆ. ನಿಷೇಧ ಬರುವ ಹೊತ್ತಿಗೆ ಫೋನ್ ಬೇರೆ ಬದಲಾಗಿತ್ತು, ಮತ್ತೆ ಹಾಕಿಕೊಳ್ಳೋಣ ಅಂದರೆ ಸ್ಟೋರ್‌ನಲ್ಲಿ ಆಪ್ ಇಲ್ಲ. ಉತಾರ, ನಕಾಶೆ ಎಲ್ಲ ಕಚೇರಿಯಿಂದ ಮತ್ತೆ ತೆಗೆಸಿದೆ, ನಾಲ್ಕೈದು ಸಲ ಓಡಾಡಿದ್ದು ಬಿಟ್ಟರೆ ತೊಂದರೆ ಆಗಲಿಲ್ಲ. ಸಿಗದೇ ಹೋದದ್ದು ಒಂದು ಹಾಳೆ. ಬಾವಿ ನೀರನ್ನು ಹೇಗೆ ಹಂಚಿಕೊಳ್ಳಬೇಕು ಅಂತ ನಮ್ಮಪ್ಪ ಮತ್ತು ದೊಡ್ಡಪ್ಪ ಕೂತು ಬರೆದುಕೊಂಡಿದ್ದರು, ನೀಲಿ ಶಾಯಿ, ಕೆಳಗೆ ಇಬ್ಬರ ಸಹಿ, ಸೋಮವಾರ ಯಾರಿಗೆ, ಮಂಗಳವಾರ ಯಾರಿಗೆ ಅಂತ. ಮೂಲ ಕಾಗದ ಮಳೆಗಾಲದಲ್ಲಿ ತೊಯ್ದು ಹಾಳಾಗಿತ್ತು. ಸ್ಕ್ಯಾನ್ ಇದೆಯಲ್ಲ ಅಂತ ನಾನು ಸುಮ್ನೆ ಇದ್ದೆ. ಅಪ್ಪ ಈಗ ಇಲ್ಲ. ಆ ಅಕ್ಷರ ಮತ್ತೆ ಎಲ್ಲಿಂದ ತರಲಿ?

ಅದು ಚೀನಾ, ಅದಕ್ಕೆ ಹೀಗಾಯಿತು ಅಂತ ಆಗ ಅಂದುಕೊಂಡೆ. ಅಮೆರಿಕದ ಕಂಪನಿಗೆ ಹೋದರೆ ಚಿಂತೆ ಇಲ್ಲ ಅಂತ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ.

ಆಮೇಲೆ 2025ರ ಜುಲೈನಲ್ಲಿ ನಯಾರಾ ಎನರ್ಜಿಯ ಸುದ್ದಿ ಬಂತು. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ, ದೇಶದ ತುಂಬ ಆರು ಸಾವಿರಕ್ಕೂ ಜಾಸ್ತಿ ಪೆಟ್ರೋಲ್ ಪಂಪು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ರಷ್ಯಾದ ರಾಸ್‌ನೆಫ್ಟ್‌ದು. ಯುಕ್ರೇನ್ ಯುದ್ಧದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಜುಲೈ 18ಕ್ಕೆ ಅದರ ಮೇಲೆ ನಿರ್ಬಂಧ ಹಾಕಿತು. ಕೆಲವೇ ದಿನಕ್ಕೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಔಟ್‌ಲುಕ್ ಮೇಲ್ ಇಲ್ಲ, ಟೀಮ್ಸ್ ಇಲ್ಲ. ಲೈಸೆನ್ಸ್‌ಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ ಅಂತ ನಯಾರಾ ದಿಲ್ಲಿ ಹೈಕೋರ್ಟಿಗೆ ಹೋಯಿತು, ತಿಂಗಳು ಮುಗಿಯುವುದರೊಳಗೆ ಸೇವೆ ವಾಪಸ್ ಬಂತು. ಇಲ್ಲಿ ಒಂದು ಮಾತು ಗಮನಿಸಿ. ಕಂಪನಿ ಇರುವುದು ಭಾರತದಲ್ಲಿ, ನಿರ್ಬಂಧ ಹಾಕಿದ್ದು ಯುರೋಪು, ಮೇಲ್ ನಿಲ್ಲಿಸಿದ್ದು ಅಮೆರಿಕದ ಕಂಪನಿ, ಜಗಳ ನಡೆದದ್ದು ರಷ್ಯಾ ಯುಕ್ರೇನ್ ನಡುವೆ. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದರು, ಕೋರ್ಟಿತ್ತು. ನನ್ನ ಅಂಗಡಿಯ ಮೇಲ್ ನಾಳೆ ನಿಂತರೆ ನಾನು ಯಾರ ಮನೆ ಬಾಗಿಲು ಬಡಿಯಲಿ? ಅವತ್ತು ಅಂಗಡಿ ಮುಚ್ಚಿದ ಮೇಲೆ ರಾತ್ರಿ ಹತ್ತರ ತನಕ ಕೂತು ಮೇಲ್‌ಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿದೆ.

ಇನ್ನೊಂದು ಹಳೆಯದು ಇದೆ, ಅದು ನಮ್ಮ ತೋಟಕ್ಕೆ ಇನ್ನೂ ಹತ್ತಿರದ್ದು. 2017ರ ಜೂನ್ 27. ಯುಕ್ರೇನ್‌ನಲ್ಲಿ ತೆರಿಗೆ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಇದೆ, ನಮ್ಮಲ್ಲಿ ಅಂಗಡಿಯವರು ಟ್ಯಾಲಿ ಇಟ್ಟುಕೊಂಡ ಹಾಗೆ ಅಲ್ಲಿ ಬಹಳ ಕಂಪನಿಗಳು ಅದನ್ನು ಇಟ್ಟುಕೊಂಡಿದ್ದವು. ಅದರ ಅಪ್‌ಡೇಟ್ ಒಳಗೇ ವೈರಸ್ ಸೇರಿಸಿ ಬಿಟ್ಟರು, ನಾಟ್‌ಪೆಟ್ಯಾ ಅಂತ ಹೆಸರು. ರಷ್ಯಾದ ಸೈನ್ಯದ ಕೆಲಸ ಇದು ಅಂತ ಅಮೆರಿಕ, ಬ್ರಿಟನ್ ಆಮೇಲೆ ಹೇಳಿದವು, ರಷ್ಯಾ ಇಲ್ಲ ಅಂದಿತು. ಏಟು ಬಿದ್ದದ್ದು ಡೆನ್ಮಾರ್ಕಿನ ಮಾರ್ಸ್ಕ್ ಹಡಗು ಕಂಪನಿಗೂ. ಅವರ ಗುಂಪು ನಡೆಸುತ್ತಿದ್ದ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನ ಟರ್ಮಿನಲ್ ಕೂಡ ನಿಂತಿತು. ನಮ್ಮ ಕಡೆಯ ದ್ರಾಕ್ಷಿ, ದಾಳಿಂಬೆ ಕಂಟೇನರ್ ಹತ್ತುವುದು ಆ ಬಂದರಿನಿಂದಲೇ. ಜೂನ್ ಆಗಿದ್ದಕ್ಕೆ ನಾವು ಬಚಾವಾದೆವು. ಫೆಬ್ರುವರಿ, ಮಾರ್ಚಿನಲ್ಲಿ ಆಗಿದ್ದರೆ ನಾಲ್ಕು ದಿನ ನಿಂತ ಹಣ್ಣಿನ ಗತಿ ಏನು ಅಂತ ಬೆಳೆದವರಿಗೆ ಗೊತ್ತು.

ಮಾರ್ಸ್ಕ್ ಮತ್ತೆ ಎದ್ದು ನಿಂತ ಕಥೆ ನನಗೆ ಬಹಳ ಹಿಡಿಸಿತು. ಸಾವಿರಾರು ಸರ್ವರ್, ನಲವತ್ತೈದು ಸಾವಿರ ಕಂಪ್ಯೂಟರ್‌ಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಯಾರು ಯಾವ ಕಂಪ್ಯೂಟರಿಗೆ ಬರಬಹುದು ಅಂತ ಪಟ್ಟಿ ಇಡುವ ಸರ್ವರ್‌ಗಳು ಜಗತ್ತಿನ ತುಂಬ ಇದ್ದವು, ಒಂದಕ್ಕೊಂದು ನಕಲು ಮಾಡಿಕೊಳ್ಳುತ್ತಿದ್ದವು, ಹಾಗಾಗಿ ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ, ಆಫ್ರಿಕಾದ ಘಾನಾದಲ್ಲಿದ್ದದ್ದು. ವೈರಸ್ ಬಂದ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಯಂತ್ರ ನೆಟ್‌ವರ್ಕಿನಿಂದ ಕಡಿದುಕೊಂಡು ಕೂತಿತ್ತು. ಆ ಡಿಸ್ಕನ್ನು ಮನುಷ್ಯರೇ ಕೈಯಲ್ಲಿ ಹಿಡಿದುಕೊಂಡು, ವಿಮಾನ ಹತ್ತಿ, ಇಂಗ್ಲೆಂಡಿಗೆ ಒಯ್ದರು. ಇದನ್ನು ಓದಿದ ಮೇಲೆ ನಾನು ಎರಡನೇ ಹಾರ್ಡ್ ಡಿಸ್ಕ್ ತಗೊಂಡೆ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಟ್ರಂಕಿನಲ್ಲಿ, ಅವ್ವನ ಇಳಕಲ್ ಸೀರೆಗಳ ಕೆಳಗೆ. ಶನಿವಾರ ನಕಲು ಮಾಡಿ ವೈರ್ ತೆಗೆದು ಇಡುತ್ತೇನೆ. ವೈರ್ ತೆಗೆಯುವುದೇ ಮುಖ್ಯ, ಚುಚ್ಚಿಟ್ಟರೆ ಅದು ಬ್ಯಾಕಪ್ ಅಲ್ಲ.

ಅಂಗಡಿಯ ಒಂದು ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೇನೆ, ಅದರ ಕೋಡ್ ಎಲ್ಲರಿಗೂ ಮುಕ್ತ, ಯಾರ ಅಪ್ಪಣೆಯೂ ಬೇಡ ಅಂತ. ಅಲ್ಲೂ ಜಗಳ ಬಂತು. 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕರ್ನೆಲ್ (ಅದರ ಮೂಲ ತಿರುಳು) ನೋಡಿಕೊಳ್ಳುವವರ ಪಟ್ಟಿಯಿಂದ ಹತ್ತು ಹನ್ನೆರಡು ರಷ್ಯನ್ನರ ಹೆಸರು ತೆಗೆದರು, ನಿರ್ಬಂಧದ ಕಾನೂನು ಕಾರಣ ಅಂದರು. ವರ್ಷಗಟ್ಟಲೆ ದುಡಿದವರನ್ನು ಹಾಗೆ ತೆಗೆದದ್ದು ನನಗೆ ನೋವು ಕೊಟ್ಟಿತು. ಆದರೆ ಅವರು ಬರೆದ ಕೋಡ್ ನನ್ನ ಯಂತ್ರದಲ್ಲಿ ಹಾಗೇ ಇದೆ, ಅದನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ನನಗೆ ಬೇಕಾದ ನಂಬಿಕೆ ಇಂಥದ್ದು. ಕೊಟ್ಟವನು ಒಳ್ಳೆಯವನೋ ಕೆಟ್ಟವನೋ, ಅವನು ನಾಳೆ ಮುನಿಸಿಕೊಂಡರೂ ನನ್ನದು ನನ್ನ ಹತ್ತಿರ ಇರಬೇಕು.

ಸುದ್ದಿಯ ವಿಷಯಕ್ಕೂ ಇದೇ ಮಾತು. ಆಪರೇಷನ್ ಸಿಂಧೂರ ವಿವರಿಸಿದ ಕರ್ನಲ್ ಸೋಫಿಯಾ ಖುರೇಶಿ ಅವರ ಗಂಡನ ಮನೆ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಕೊಣ್ಣೂರು. ಅದೇ ಮೇ ತಿಂಗಳಲ್ಲಿ ಆ ಮನೆಯ ಮೇಲೆ ದಾಳಿ ಆಗಿದೆ ಅಂತ ಒಂದು ಪೋಸ್ಟ್ ಓಡಾಡಿತು. ನನ್ನ ಮೂರು ಗ್ರೂಪಿನಲ್ಲಿ ಬಂತು, ಕೆಳಗೆ ಬೈಗುಳ ಶುರುವಾಗಿತ್ತು. ನಮ್ಮಕ್ಕನನ್ನು ಕೊಟ್ಟಿರುವುದು ಗೋಕಾಕಕ್ಕೆ. ಫೋನ್ ಹಚ್ಚಿದೆ. "ಏನೂ ಇಲ್ಲೋ, ನಿಮ್ಮ ಮಾಮಾ ಈಗಷ್ಟ ಆ ಕಡಿಂದನ ಬಂದಾರ" ಅಂದಳು. ಬೆಳಗಾವಿ ಪೊಲೀಸರೂ ಅದು ಸುಳ್ಳು ಅಂತ ಸ್ಪಷ್ಟವಾಗಿ ಹೇಳಿದರು. ಊರು ಹೊತ್ತಿ ಉರಿಯಬಹುದಾಗಿದ್ದ ಸುಳ್ಳು ಒಂದು ಫೋನ್ ಕಾಲಿಗೆ ಸಾಯುವಂಥದ್ದು, ಅಷ್ಟನ್ನೂ ಮಾಡದೆ ಮುಂದಕ್ಕೆ ಕಳಿಸಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಹೊರಗಿನ ದೇಶದ ಮೇಲೆ ಹುಟ್ಟಿದ ಅನುಮಾನ ಎಷ್ಟು ಬೇಗ ಪಕ್ಕದ ಓಣಿಗೆ ತಿರುಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ.

ದ್ರಾಕ್ಷಿ ಸೀಸನ್ ಮುಗಿದ ಮೇಲೆ ಕಾಕಾ ಮತ್ತೆ ಬಂದರು, ಕೋಲ್ಡ್ ಸ್ಟೋರೇಜ್ ಪಾವತಿಯ ಝೆರಾಕ್ಸ್ ಬೇಕಿತ್ತು. ಮೊಮ್ಮಗ ರಜೆಗೆ ಬಂದು ಹೋಗಿದ್ದ. ಚೀನಾದ ಒಣದ್ರಾಕ್ಷಿ ಕಳ್ಳದಾರಿಯಲ್ಲಿ ಬಂದು ದರ ಬೀಳಿಸುತ್ತದೆ ಅಂತ ಸ್ವಲ್ಪ ಹೊತ್ತು ಬೈದರು. ಈ ಸಲ ನಾನು ಅವರನ್ನು ಕೂರಿಸಿದೆ. ಫೋನಿನ ಫೋಟೋಗಳು, ಪಾಸ್‌ಬುಕ್ಕು, ಉತಾರ, ಪಾವತಿಗಳು, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿದೆ. ಮಗಳು, ಮೊಮ್ಮಗ, ಅಡತಿ ಅಂಗಡಿ, ಈ ಮೂರು ನಂಬರನ್ನು ಅವರ ಕೈಯಿಂದಲೇ ಡೈರಿಯ ಹಿಂದಿನ ರಟ್ಟಿನ ಮೇಲೆ ಬರೆಸಿದೆ. ಅಕ್ಷರ ಒಂದೊಂದಾಗಿ, ನಿಧಾನಕ್ಕೆ ಬರೆದರು. ಪೆನ್‌ಡ್ರೈವನ್ನು ತಿಜೋರಿ ಕೀಲಿಯ ಗೊಂಚಲಿಗೆ ಸಿಕ್ಕಿಸಿಕೊಂಡು ಎದ್ದವರು, ಬಾಗಿಲ ತನಕ ಹೋಗಿ ತಿರುಗಿ ಬಂದರು.

"ತಮ್ಮಾ, ಆ ಮೊಮ್ಮಗಂದೂ ಆಯಿದೂ ಫೋಟೋ ಕಾಗದದ ಮ್ಯಾಲೂ ಒಂದ್ ತಗದ ಕೊಡು."

ದಪ್ಪ ಹಾಳೆ ಹಾಕಿ ಎರಡು ತೆಗೆದೆ.