ಇಲಿ ಪಾದ, ಲಕ್ಕಿ ಸೊಪ್ಪು ಮತ್ತು ಐಸ್‌ಕ್ರೀಮ್ ಪುಡಿ

ಲಕ್ಕಿ ಸೊಪ್ಪು ಊತ ಇಳಿಸುತ್ತಾ ಅಂತ ಇಲಿಗಳಲ್ಲಿ ನೋಡುವುದು ನನ್ನ ಕೆಲಸ. ಅದಕ್ಕೆ ಸೊಪ್ಪಿನ ಎಥನಾಲ್ ಸಾರ ತಯಾರಾಗಿತ್ತು.  ಈ ಸಲದ ಗೋಳು ಒಂದೇ: ಊದಿಕೊಳ್ಳದ ಪಾದ.

ನಾಲ್ಕು ಗುಂಪು, ಗುಂಪಿಗೆ ಆರು ವಿಸ್ಟಾರ್ ತಳಿಯ ಲ್ಯಾಬ್ ಇಲಿ. ಹೋಲಿಕೆಯ ಕಂಟ್ರೋಲ್ ಗುಂಪಿಗೆ ಔಷಧಿ ಇಲ್ಲದ ಬರೀ ಸಿಎಂಸಿ ಅನ್ನುವ ಅಂಟು ದ್ರಾವಣ, ಸ್ಟ್ಯಾಂಡರ್ಡ್‌ಗೆ ಊತ ಇಳಿಸುವ ಗೊತ್ತಿರುವ ಔಷಧಿ ಡೈಕ್ಲೋಫೆನಾಕ್ ಕೆಜಿಗೆ 10 ಮಿಗ್ರಾಂ, ಉಳಿದೆರಡಕ್ಕೆ ಲಕ್ಕಿ ಸಾರ ಕೆಜಿಗೆ 200 ಮತ್ತು 400 ಮಿಗ್ರಾಂ. ಒಂದು ಗಂಟೆ ಬಿಟ್ಟು ಬಲ ಹಿಂಗಾಲಿನ ಪಾದಕ್ಕೆ ಕ್ಯಾರಜೀನನ್ ಚುಚ್ಚುಮದ್ದು: ಕಡಲಪಾಚಿಯಿಂದ ತೆಗೆದ, ಊತ ತರಿಸುವ ಪುಡಿ, ಉಪ್ಪುನೀರಲ್ಲಿ 1%, 0.1 ಮಿಲಿ. 1962ರಿಂದ ನಡೆದು ಬಂದ ಅದೇ ಪರೀಕ್ಷೆ. ಮೂರನೇ ಗಂಟೆಗೆ ಪಾದ ನೆನೆಸಿದ ಕಡಲೆ ಹಾಗೆ ಉಬ್ಬಬೇಕು.

ನಮ್ಮದು ಉಬ್ಬಲಿಲ್ಲ. ಕಂಟ್ರೋಲ್‌ನಲ್ಲೇ ಸರಾಸರಿ ಏರಿಕೆ 0.22 ಮಿಲಿ. ಒಂದು ಇಲಿಗೆ 0.45, ಪಕ್ಕದ ಪಂಜರದ್ದಕ್ಕೆ 0.05. ಡೈಕ್ಲೋಫೆನಾಕ್ 0.19. ಲಕ್ಕಿ 400 ಕೊಟ್ಟ ಗುಂಪು 0.24. ಕಂಟ್ರೋಲ್‌ಗೆ ಹೋಲಿಸಿ ಊತ ಎಷ್ಟು ತಡೆದಿದೆ ಅಂತ ಲೆಕ್ಕ ಹಾಕಿದರೆ ಲಕ್ಕಿಯದು ಮೈನಸ್ 9%! ಬಾಣಂತಿ ಸ್ನಾನದ ನೀರಿಗೆ ಈ ಸೊಪ್ಪು ಹಾಕುವ, ಮಂಡಿ ನೋವಿಗೆ ಬಿಸಿ ಮಾಡಿ ಕಟ್ಟುವ ನಮ್ಮಜ್ಜಿಗೆ ಈ ಅಂಕಿ ತೋರಿಸಿದ್ದರೆ ನನಗೇ ಕಾಲು ಊದುತ್ತಿತ್ತು.

ಮೊದಲ ಎರಡು ದಿನ ಸೊಪ್ಪನ್ನೇ ಬೈದೆ. ಆಮೇಲೆ ಗೈಡ್ ಮೇಡಂ ಒಂದೇ ಮಾತು ಕೇಳಿದರು: "ಡೈಕ್ಲೋಫೆನಾಕ್ ಯಾಕಪ್ಪಾ ಫೇಲ್ ಆಯ್ತು?" ಹೌದಲ್ವಾ! ಮೂರನೇ ಗಂಟೆಯ ಊತ ಮುಖ್ಯವಾಗಿ ದೇಹವೇ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕದಿಂದ ಬರುತ್ತೆ. ಡೈಕ್ಲೋಫೆನಾಕ್ ಅದರ ತಯಾರಿಯನ್ನೇ ನಿಲ್ಲಿಸುವ ಮಾತ್ರೆ. ಅದೂ ಕೈ ಎತ್ತಿದೆ ಅಂದರೆ ಗೋಲ್‌ಮಾಲ್ ಬೇರೆಲ್ಲೋ ಇದೆ.

ಪಾದ ಮುಳುಗಿಸಿ ಊತ ಅಳೆಯುವ ಉಪಕರಣ ಪ್ಲೆಥಿಸ್ಮೋಮೀಟರ್ ಮೇಲೆ ಅನುಮಾನ. ಗೊತ್ತಿರುವ ಅಳತೆಯ ಸಲಾಕೆ ಮುಳುಗಿಸಿದೆ, ಸರಿಯಾಗೇ ತೋರಿಸಿತು. ಎಲ್ಲಿವರೆಗೆ ಮುಳುಗಿಸಬೇಕು ಅಂತ ಪಾದದ ಕೀಲಿನ ಹತ್ತಿರ ಹಾಕಿದ್ದ ಮಾರ್ಕರ್ ಗೆರೆ ಅಳಿಸಿ ಹೋಗಿತ್ತಾ? ಇಲ್ಲ. ಅಷ್ಟರಲ್ಲಿ ಇಲಿಗಳನ್ನು ನೋಡಿಕೊಳ್ಳುವ ಅಣ್ಣ ಕ್ಯಾರಜೀನನ್ ಮಿಕ್ಕಿದ್ದ ಸಿರಿಂಜ್ ತಂದು ಕೈಗಿಟ್ಟರು. "ಸರ್, ಇದು ಮುಂದಕ್ಕೇ ಹೋಗ್ತಿಲ್ಲ." ಒತ್ತಿದೆ. ಸೂಜಿ ತುದಿಯಲ್ಲಿ ಮೊದಲು ನೀರಿನ ಹನಿ, ಆಮೇಲೆ ತಾಳೆಹಣ್ಣಿನ ಚೂರಿನ ಹಾಗೆ ಒಂದು ಪಾರದರ್ಶಕ ಮುದ್ದೆ. ಪುಡಿ ಕರಗುತ್ತಿಲ್ಲ ಅಂತ ನಾನೇ ಬಿಸಿ ಮಾಡಿ ಕರಗಿಸಿದ್ದೆ. ಅದು ಆರಿ ಹೆಪ್ಪಾಗಿತ್ತು.

ಕ್ಯಾರಜೀನನ್‌ನಲ್ಲಿ ಕಪ್ಪಾ, ಅಯೋಟಾ, ಲ್ಯಾಂಬ್ಡಾ ಅಂತ ಜಾತಿಗಳಿವೆ. ನಮಗೆ ಬೇಕಾದ್ದು ಲ್ಯಾಂಬ್ಡಾ, ಅದು ಹೆಪ್ಪಾಗಲ್ಲ. ಕಪ್ಪಾ ಪೊಟ್ಯಾಸಿಯಂ ಸಿಕ್ಕರೆ ಗಟ್ಟಿ ಜೆಲ್ಲಿ. ಬಾಟಲಿ ಮೇಲೆ ಸುಮ್ನೆ "ಕ್ಯಾರಜೀನನ್" ಅಂತಷ್ಟೇ ಇತ್ತು. ಮಿಕ್ಕ ದ್ರಾವಣವನ್ನು ಬಿಸಿ ಮಾಡಿ, ಚಿಟಿಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಆರಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಬೀಕರ್ ತಲೆಕೆಳಗು ಮಾಡಿದರೂ ಬೀಳಲಿಲ್ಲ. ಅಂದರೆ ಒಂದು ಇಲಿಗೆ ಮುದ್ದೆ ಹೋಗಿದೆ, ಇನ್ನೊಂದಕ್ಕೆ ಬರೀ ಉಪ್ಪುನೀರು!

ಸಪ್ಲೈಯರ್‌ಗೆ ಫೋನ್ ಮಾಡಿದೆ. "ಎಲ್ಲಾ ಒಂದೇ ಸರ್, ಐಸ್‌ಕ್ರೀಮ್‌ನವರೂ ಇದನ್ನೇ ತಗೊಂಡು ಹೋಗ್ತಾರೆ." ಆರು ವಾರ ಕಾಯಿಸಿ, ಅಡ್ವಾನ್ಸ್ ಅಂತ ಕಪ್ಪ ಕಾಣಿಕೆ ಪಡೆದು, ಕಪ್ಪಾ ಕೊಟ್ಟ ಮಹಾನುಭಾವ. ಐಸ್‌ಕ್ರೀಮ್ ಕಪ್ಪಿನ ಹಿಂದೆ 407 ಅಂತ ಇದ್ದರೆ ಅದು ಕ್ಯಾರಜೀನನ್ನೇ, ನೋಡಿ.

ತಪ್ಪು ನನ್ನದೂ ಇದೆ. ಎರಡು ಇಲಿಯಲ್ಲಿ ಮೊದಲು ನೋಡಿದ್ದರೆ 24 ಜೀವ ಸುಮ್ಮನೆ ಹೋಗುತ್ತಿರಲಿಲ್ಲ. ಇದನ್ನು ನಗುತ್ತಾ ಬರೆಯೋಕೆ ಆಗಲ್ಲ. ಎಥಿಕ್ಸ್ ಕಮಿಟಿಗೆ ನಡೆದದ್ದೆಲ್ಲ ಬರೆದು ಕೊಟ್ಟೆ. ಸದ್ಯಕ್ಕೆ ಸಣ್ಣ ಪೈಲಟ್ ಪ್ರಯೋಗಕ್ಕೆ ಅಂತ ಎರಡು ಇಲಿಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ನಿನ್ನೆ ಲ್ಯಾಂಬ್ಡಾ ಬಂತು, ಬೇರೆ ಅಂಗಡಿಯಿಂದ. ಮೊದಲು ಪೊಟ್ಯಾಸಿಯಂ ಪರೀಕ್ಷೆ: ನೀರಾಗೇ ಉಳಿಯಿತು. ರಾತ್ರಿಯೇ ಉಪ್ಪುನೀರಲ್ಲಿ ನೆನೆಸಿಟ್ಟು ಇವತ್ತು ಬೆಳಿಗ್ಗೆ ಕೊಟ್ಟೆ. ಮೂರನೇ ಗಂಟೆಗೆ 0.68 ಮತ್ತು 0.74! ಪಾದ ಕೆಂಪಗೆ, ಬೆರಳುಗಳ ನಡುವಿನ ಸಂದು ಮುಚ್ಚಿಹೋಗಿತ್ತು. ಪಾಪ ಅನಿಸಿದರೂ ಒಳಗೊಳಗೇ ಖುಷಿ.

ಪೂರ್ತಿ ಪರೀಕ್ಷೆಗೆ ಮುಂದಿನ ಮೀಟಿಂಗ್ ತನಕ ಕಾಯಬೇಕು. ಅಲ್ಲಿವರೆಗೆ ಉಳಿದ ಕಪ್ಪಾ ಏನು ಮಾಡೋದು? 90 ಗ್ರಾಂ ಇದೆ. ಲಕ್ಕಿ ಸಾರ ಬೆರೆಸಿ ಮೇಲೆ ಹಚ್ಚುವ ಜೆಲ್ ಮಾಡೋಣ ಅಂತ ಶುರು ಮಾಡಿದ್ದೀನಿ. ಇಲಿಗಲ್ಲ, ಸದ್ಯಕ್ಕೆ ಬರೀ ಗಟ್ಟಿತನ, ಪಿಎಚ್, ಹರಡುವ ಗುಣ. ಮೊದಲ ಬ್ಯಾಚ್ ಜಾಸ್ತಿ ಗಟ್ಟಿಯಾಗಿ ಚಾಕುವಿನಲ್ಲಿ ಕತ್ತರಿಸುವ ಹಾಗಾಯಿತು. ಹಸಿರು ಹಲ್ವ. ಲ್ಯಾಬ್ ಫ್ರಿಜ್‌ನಲ್ಲಿಟ್ಟು ಮೇಲೆ "ತಿನ್ನಬೇಡಿ" ಅಂತ ಚೀಟಿ ಅಂಟಿಸಿದ್ದೀನಿ. ಅಣ್ಣ ಆಗಲೇ ಒಂದು ಸಲ ಮುಚ್ಚಳ ತೆಗೆದು ಮೂಸಿ ನೋಡಿದ್ದಾರೆ.