ಮುಚ್ಚಿಹೋದ ಎಂಟು ಗುಂಡಿಗಳು

ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗುವ ಹೈವೇ ಪಕ್ಕದಲ್ಲಿ ಒಂದು ಗೋದಾಮು ಕಟ್ಟುತ್ತಿದ್ದರು. ಒಟ್ಟು 24 ಕಾಲಂ ಗುಂಡಿ. ಒಂದೊಂದೂ 2.4 ಮೀಟರ್ ಉದ್ದ, ಅಷ್ಟೇ ಅಗಲ, ಎರಡೂವರೆ ಮೀಟರ್ ಆಳ. ನಾನು ಮಾಲೀಕರ ಪರವಾಗಿ ಅಳತೆ ನೋಡಿ ಬಿಲ್ ಪಾಸ್ ಮಾಡುವ ಕ್ವಾಂಟಿಟಿ ಸರ್ವೇಯರ್. ಅವತ್ತು ನಾನು ಇಳಿದು ನೋಡಿದ್ದು ಮೂರು ಗುಂಡಿ. ಸಹಿ ಹಾಕಿದ್ದು ಇಪ್ಪತ್ನಾಲ್ಕಕ್ಕೂ.

ಚಾರ್ಟರ್ಡ್ ಸರ್ವೇಯರ್, ಅಂದರೆ ಪರೀಕ್ಷೆ ಪಾಸಾಗಿ ಮಾನ್ಯತೆ ಪಡೆದ ಸರ್ವೇಯರ್, ಆಗಬೇಕು ಎಂದು ಓದುತ್ತಿರುವ ನಮ್ಮ ಕಡೆಯ ಹುಡುಗರು, ಹುಡುಗಿಯರು ಈಗೀಗ ಜಾಸ್ತಿ ಆಗಿದ್ದಾರೆ. ದಾವಣಗೆರೆಯಲ್ಲಿ ಸಿವಿಲ್ ಓದಿ ಬೆಂಗಳೂರಿಗೆ, ದುಬೈಗೆ ಹೋದವರೂ ಫೋನ್ ಮಾಡಿ ಕೇಳುತ್ತಾರೆ. ಪರೀಕ್ಷೆಯಲ್ಲಿ ಎಥಿಕ್ಸ್, ಅಂದರೆ ವೃತ್ತಿಯ ನೀತಿ, ಒಂದು ವಿಷಯ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಎಥಿಕ್ಸ್‌ಗೆ ಏನು ಓದಬೇಕು ಸರ್?’ ಆಗೆಲ್ಲ ನಾನು ಈ ಗುಂಡಿಗಳ ಕಥೆ ಹೇಳುತ್ತೇನೆ. ಈ ಸಲ ಬರೆದೇ ಇಡೋಣ ಅನ್ನಿಸಿತು.

ಚಿತ್ರದುರ್ಗದ ನೆಲ ಗೊತ್ತಲ್ವಾ? ಕೋಟೆ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಒಂದು ಕಡೆ ಹಾಸುಬಂಡೆ, ಹತ್ತು ಹೆಜ್ಜೆ ಆಚೆ ಕೆಂಪು ಮಣ್ಣು, ಇನ್ನೂ ಸ್ವಲ್ಪ ದೂರ ಹೋದರೆ ಎರೆ. ಹೀಗಾಗಿ ಈ ಕಡೆ ಪಾಯದ ಬಿಲ್ಲಿನಲ್ಲಿ ಜಗಳ ಬರುವುದು ಒಂದೇ ಜಾಗದಲ್ಲಿ. ಮಣ್ಣು ಎಲ್ಲಿಗೆ ಮುಗಿಯಿತು, ಕಲ್ಲು ಎಲ್ಲಿಂದ ಶುರುವಾಯಿತು? ಗಟ್ಟಿ ಕಲ್ಲು ಒಡೆಯುವ ರೇಟು ಮಣ್ಣು ಅಗೆಯುವ ರೇಟಿಗಿಂತ ಹಲವು ಪಟ್ಟು. ಗೆರೆ ಅರ್ಧ ಮೀಟರ್ ಮೇಲೆ ಕೆಳಗೆ ಆದರೂ ಸಾಕು, ದೊಡ್ಡ ಮೊತ್ತ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ನಾನು ಹೋದಾಗ ಪಶ್ಚಿಮದ ಗುಂಡಿಗಳು ತೆರೆದಿದ್ದವು. ಒಂದು ಮೀಟರ್ ಮಣ್ಣು, ಕೆಳಗೆ ಒಂದೂವರೆ ಮೀಟರ್ ಕಲ್ಲು. ಸ್ಟಾಫ್, ಅಂದರೆ ಅಳತೆ ಕೋಲು, ಇಟ್ಟು ಮೂರು ಗುಂಡಿಯಲ್ಲಿ ಲೆವೆಲ್ ತೆಗೆದೆ. ಮೂರರಲ್ಲೂ ಹೆಚ್ಚು ಕಡಿಮೆ ಅದೇ. ಕಂಟ್ರಾಕ್ಟರ್ ಕಡೆಯ ಎಂಜಿನಿಯರ್ ಉಳಿದವುಗಳ ಹಾಳೆ ಕೊಟ್ಟ. ‘ಎಲ್ಲ ಒಂದೇ ಥರ ಇದೆ ಸಾರ್’ ಅಂದ. ಹರಿಹರದ ಹುಡುಗ, ಕೆಲಸದಲ್ಲಿ ಚುರುಕು. ಊಟದ ಹೊತ್ತು ಮೀರಿತ್ತು, ದಾವಣಗೆರೆಯಲ್ಲಿ ಇನ್ನೊಂದು ಸೈಟು ಕಾಯುತ್ತಿತ್ತು. ಒಂದು ಗುಂಡಿಗೆ 8.64 ಘನ ಮೀಟರ್, ಇಪ್ಪತ್ನಾಲ್ಕಕ್ಕೆ 207.36 ಘನ ಮೀಟರ್ ಗಟ್ಟಿ ಕಲ್ಲು. ಗುಣಿಸಿದ್ದು ಸರಿ ಇದೆಯಾ ನೋಡಿದೆ. ಸರಿ ಇತ್ತು. ಸಹಿ ಹಾಕಿದೆ. ಆ ತಿಂಗಳ ಬಿಲ್ಲಿನಲ್ಲಿ ದುಡ್ಡೂ ಹೋಯಿತು.

ಎರಡು ವಾರ ಬಿಟ್ಟು ಮತ್ತೆ ಸೈಟಿಗೆ ಹೋದೆ. ಅಷ್ಟರಲ್ಲಿ ತಳಕ್ಕೆ ಹಾಕುವ ತೆಳು ಕಾಂಕ್ರೀಟ್ (ಪಿಸಿಸಿ) ಆಗಿ, ಅದರ ಮೇಲೆ ಕಾಲಂ ಕೂರುವ ಪಾದ, ಅಂದರೆ ಫೂಟಿಂಗ್, ಕಾಂಕ್ರೀಟ್ ಆಗಿ, ಗುಂಡಿ ಮುಚ್ಚಿ ಆಗಿತ್ತು. ಆ ಜಮೀನು ಮಾರಿದ ರೈತರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಎಪ್ಪತ್ತು ದಾಟಿದ ಯಜಮಾನರು. ಮಾತಿಗೆ ಮಾತು ಬಂದು, ಇಡೀ ಜಾಗದಲ್ಲಿ ಕಲ್ಲು ಸಿಕ್ಕಿತು ಎಂದೆ. ಅವರು ಲೋಟ ಕೆಳಗಿಟ್ಟು ಪೂರ್ವದ ಮೂಲೆ ಕಡೆ ಕೈ ತೋರಿಸಿದರು.

‘ಆ ಮೂಲೇಲಿ ಕಲ್ಲು ಎಲ್ಲಿಂದ ಬಂತು ಸ್ವಾಮಿ? ನಮ್ಮಪ್ಪನ ಕಾಲಕ್ಕೆ ಅದು ಹಳ್ಳ. ಕೆರೆ ಮಣ್ಣು ಗಾಡಿಲಿ ಹೊಡೆದು ಮುಚ್ಚಿದ್ದು. ಎರಡು ಮಾರು ಅಗೆದ್ರೂ ನಿಮಗೆ ಅಲ್ಲಿ ಕಲ್ಲು ಸಿಗಲ್ಲ.’

ನನಗೆ ಆಗ ಮೊದಲು ಬಂದದ್ದು ದುಡ್ಡಿನ ಯೋಚನೆ. ಪೂರ್ವದಲ್ಲಿ ಎಂಟು ಗುಂಡಿ. ಎಂಟಕ್ಕೆ 69.12 ಘನ ಮೀಟರ್. ಇಲ್ಲದ ಕಲ್ಲಿಗೆ ಮಾಲೀಕರಿಂದ ದುಡ್ಡು ಕೊಡಿಸಿದ್ದೇನೆ. ಕಾರಿನ ಹತ್ತಿರ ಬರುವಷ್ಟರಲ್ಲಿ ಎರಡನೆಯ ಯೋಚನೆ ಬಂತು, ಕೈಕಾಲು ತಣ್ಣಗಾದವು. ಫೂಟಿಂಗ್ ಡಿಸೈನ್ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲ ದಿನ ಬಂದು ಪಶ್ಚಿಮದ ಗುಂಡಿಗಳನ್ನಷ್ಟೇ ನೋಡಿದ್ದರು. ಆಮೇಲೆ ಅವರು ನೋಡಿದ್ದು ನನ್ನ ಅಳತೆ ಹಾಳೆ. 24 ಗುಂಡಿಯಲ್ಲೂ ಕಲ್ಲು ಇದೆ ಎಂದು ಅದರಲ್ಲಿ ನಾನೇ ಸಹಿ ಹಾಕಿದ್ದೇನೆ. ಹದಿನಾರು ಕಾಲಂ ಬಂಡೆಯ ಮೇಲೆ, ಎಂಟು ಕಾಲಂ ತುಂಬಿದ ಮಣ್ಣಿನ ಮೇಲೆ ನಿಂತರೆ ಏನಾಗುತ್ತದೆ? ಒಂದು ಕಡೆ ಕುಸಿಯುತ್ತದೆ, ಇನ್ನೊಂದು ಕಡೆ ಅಲ್ಲಾಡುವುದಿಲ್ಲ. ಮಧ್ಯೆ ಸೀಳುತ್ತದೆ. ಆ ಗೋದಾಮಿನಲ್ಲಿ ಜನ ಕೆಲಸ ಮಾಡಬೇಕು.

ಆದರೂ ಯಜಮಾನರ ಮಾತು ಒಂದನ್ನೇ ಹಿಡಿದು ಯಾರ ಮೇಲೂ ಆರೋಪ ಹೊರಿಸುವ ಹಾಗಿರಲಿಲ್ಲ. ಮುಚ್ಚಿದ ಗುಂಡಿ ಮಾತಾಡುವುದಿಲ್ಲ. ಸುತ್ತಮುತ್ತ ಏನು ಉಳಿದಿದೆ ಎಂದು ಹುಡುಕಿದೆ. ಒಡೆದ ಕಲ್ಲು ಎಲ್ಲಿಗೋ ಹೋಗಿರಲೇಬೇಕು, ಅಲ್ವಾ? ಸೈಟಿನ ಹಿಂದೆ ರಾಶಿ ಹಾಕಿದ್ದರು, ಇನ್ನೂ ಯಾರೂ ಮುಟ್ಟಿರಲಿಲ್ಲ. ಟೇಪ್ ಹಿಡಿದೆ. 18 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಎತ್ತರ. 270 ಘನ ಮೀಟರ್. ಕಲ್ಲಿನ ರಾಶಿಯಲ್ಲಿ ಸಂದು ಜಾಸ್ತಿ. ಅದಕ್ಕೆ ಅರ್ಧ ಕಳೆಯುವುದು ಸರ್ಕಾರಿ ಕೆಲಸಗಳಲ್ಲೂ ರೂಢಿ. ಉಳಿದದ್ದು 135. ಹದಿನಾರು ಗುಂಡಿಯ ಲೆಕ್ಕ ಹಾಕಿದರೆ 138.24. ಕಲ್ಲು ಒಡೆಯುವ ಬ್ರೇಕರ್ ಯಂತ್ರವನ್ನು ಬಾಡಿಗೆಗೆ ಕೊಟ್ಟವರ ಹತ್ತಿರ ಗಂಟೆ ಬರೆಯುವ ಪುಸ್ತಕ ಇತ್ತು. ಪೂರ್ವದ ಗುಂಡಿ ತೋಡಿದ ಎರಡು ದಿನವೂ ಬ್ರೇಕರ್ ಸೈಟಿನಲ್ಲೇ ಇರಲಿಲ್ಲ. ಮೇಸ್ತ್ರಿಯ ಫೋನಿನಲ್ಲಿ ಒಂದು ಫೋಟೋ ಸಿಕ್ಕಿತು. ಗುಂಡಿಯ ಗೋಡೆಯಲ್ಲಿ ಜೆಸಿಬಿ ಬಕೆಟಿನ ಹಲ್ಲಿನ ಗುರುತು ಬೆಣ್ಣೆಯಲ್ಲಿ ಬಾಚಣಿಗೆ ಎಳೆದ ಹಾಗಿತ್ತು. ಗಟ್ಟಿ ಕಲ್ಲಿನಲ್ಲಿ ಹಾಗೆ ಗುರುತು ಬೀಳುವುದಿಲ್ಲ.

ಸಂಜೆ ನಮ್ಮ ಹಿರಿಯರಿಗೆ ಫೋನ್ ಮಾಡಿದೆ. ಚಾರ್ಟರ್ಡ್ ಸರ್ವೇಯರ್ ಆಗಲು ಕೊಡಬೇಕಾದ ಪರೀಕ್ಷೆಗೆ ಎಪಿಸಿ ಅನ್ನುತ್ತಾರೆ. ಅದರ ತಯಾರಿಗೆ ನನ್ನ ಕೌನ್ಸೆಲರ್, ಅಂದರೆ ಮಾರ್ಗದರ್ಶಕರು, ಕೂಡ ಅವರೇ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: ‘ಕಾಲಂ ಎಷ್ಟು ಎತ್ತರ ಬಂದಿದೆ?’ ಪ್ಲಿಂತ್, ಅಂದರೆ ನೆಲಗಟ್ಟಿನ ಮಟ್ಟದವರೆಗೂ ಬಂದಿಲ್ಲ ಎಂದೆ. ‘ಹಾಗಾದ್ರೆ ಇವತ್ತೇ ಕಾಗದ ಬರೀರಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ, ಅವರ ಜೊತೆಗೇ ಮಾಲೀಕರಿಗೆ. ದುಡ್ಡಿನ ಮಾತು ಎರಡನೇ ಪ್ಯಾರಾದಲ್ಲಿ ಇರಲಿ.’ ಆ ಕ್ರಮ ನನಗೆ ತಾನಾಗಿ ಹೊಳೆದಿರಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಕಾಗದದಲ್ಲಿ ‘ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿದೆ’ ಎಂದು ಬರೆದಿದ್ದೆ. ಅವರು ಹೊಡೆದುಹಾಕಿದರು. ‘24 ಗುಂಡಿಗಳಲ್ಲಿ ಮೂರನ್ನು ಮಾತ್ರ ನಾನು ಸ್ವತಃ ಅಳೆದಿದ್ದೆ’ ಎಂದು ಬರೆಸಿದರು. ಆ ಒಂದು ಸಾಲು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಎಂಟು ಫೂಟಿಂಗಿನ ಪಕ್ಕ ಅಗೆದು ನೋಡಿದರು. ಐದರ ಕೆಳಗೆ ಗಟ್ಟಿ ಗರಸು ಇತ್ತು. ಪರೀಕ್ಷೆ ಮಾಡಿ, ಭಾರ ತಡೆಯುತ್ತದೆ ಎಂದು ಎಂಜಿನಿಯರ್ ಒಪ್ಪಿದರು. ಮೂರರ ಕೆಳಗೆ ಇನ್ನೂ ತುಂಬಿದ ಮಣ್ಣೇ ಇತ್ತು. ಆ ಮೂರನ್ನು ಒಡೆಸಿ, ಗರಸು ಸಿಗುವವರೆಗೆ ಇಳಿದು, ಕೆಳಗಿಂದ ಕಾಂಕ್ರೀಟ್ ತುಂಬಿ ಹೊಸದಾಗಿ ಹಾಕಿಸಿದರು. ತಿಂಗಳ ಬಿಲ್ ಅನ್ನುವುದು ಕೊನೆಯ ಲೆಕ್ಕವಲ್ಲ. ಹಾಗಾಗಿ ಮುಂದಿನ ಬಿಲ್ಲಿನಲ್ಲೇ 69.12 ಘನ ಮೀಟರನ್ನು ಕಲ್ಲಿನಿಂದ ಮಣ್ಣಿನ ಬಾಬ್ತಿಗೆ ಬದಲಾಯಿಸಿದೆವು. ಕಂಟ್ರಾಕ್ಟರ್ ವಾದ ಮಾಡಲಿಲ್ಲ. ಅವರ ಹುಡುಗ ಬೇಕೆಂದೇ ಮಾಡಿದ್ದನೋ, ಅವನೂ ನನ್ನ ಹಾಗೇ ನೋಡದೆ ಬರೆದಿದ್ದನೋ, ನನಗೆ ತಿಳಿಯಲಿಲ್ಲ. ಅದನ್ನು ಹೇಳುವ ಹಕ್ಕು ನನಗಿರಲೂ ಇಲ್ಲ. ಅವನ ಹಾಳೆಯ ಕೆಳಗೆ ನನ್ನ ಸಹಿಯೂ ಇತ್ತು.

ಇನ್ನು ಪರೀಕ್ಷೆಯ ವಿಷಯ. ಚಾರ್ಟರ್ಡ್ ಪಟ್ಟ ಕೊಡುವುದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್, ನಾವು ಆರ್‌ಐಸಿಎಸ್ ಅನ್ನುತ್ತೇವೆ. 1868ರಲ್ಲಿ ಶುರುವಾದ ಸಂಸ್ಥೆ, ರಾಜಮನೆತನದ ಚಾರ್ಟರ್ ಸಿಕ್ಕಿದ್ದು 1881ರಲ್ಲಿ. ಅದರ ಎಪಿಸಿಯಲ್ಲಿ ಪ್ರತಿ ಸಾಮರ್ಥ್ಯಕ್ಕೂ ಮೂರು ಮೆಟ್ಟಿಲು. ಮೊದಲನೆಯದು ಗೊತ್ತಿರುವುದು, ಎರಡನೆಯದು ಮಾಡಿರುವುದು, ಮೂರನೆಯದು ಕಾರಣ ಕೊಟ್ಟು ಇನ್ನೊಬ್ಬರಿಗೆ ಸಲಹೆ ಹೇಳುವುದು. ಎಥಿಕ್ಸ್ ಮೂರನೆಯ ಮೆಟ್ಟಿಲಿನಲ್ಲೇ ಇರಬೇಕು. ಇದರಲ್ಲಿ ಸೋತವರಿಗೆ ಬೇರೆ ಯಾವುದೂ ಕೈ ಹಿಡಿಯುವುದಿಲ್ಲ ಎಂದು ನಮ್ಮ ಹಿರಿಯರು ಮೊದಲ ದಿನವೇ ಹೇಳಿದ್ದರು.

2022ರ ಫೆಬ್ರುವರಿಯಿಂದ ಜಾರಿಗೆ ಬಂದ ನಡತೆಯ ನಿಯಮಗಳು ಐದೇ. ಪ್ರಾಮಾಣಿಕವಾಗಿರಿ. ಕೆಲಸ ಬಲ್ಲವರಾಗಿರಿ. ಮನಸ್ಸಿಟ್ಟು ಒಳ್ಳೆಯ ಕೆಲಸ ಕೊಡಿ. ಎಲ್ಲರನ್ನೂ ಗೌರವದಿಂದ ಕಾಣಿ. ಜನರ ಹಿತಕ್ಕೆ ನಡೆದುಕೊಳ್ಳಿ, ನಿಮ್ಮ ಕೆಲಸಕ್ಕೆ ನೀವೇ ಹೊಣೆ. ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು. ಐದನ್ನೂ ಬಾಯಿಪಾಠ ಮಾಡುವುದಕ್ಕೆ ಹತ್ತು ನಿಮಿಷ ಸಾಕು. ನಾನೂ ಮೊದಲ ಸಲ ಬರೆದು ಕೊಟ್ಟಾಗ ಆ ಐದನ್ನೇ ಚಂದ ಮಾಡಿ ಬರೆದಿದ್ದೆ. ಹಿರಿಯರು ಕೆಂಪು ಪೆನ್ನಿನಲ್ಲಿ ಬದಿಗೆ ಬರೆದರು: ‘ನೀವು ಎಲ್ಲಿದ್ದೀರಿ?’

ಒಂದನೆಯ ನಿಯಮ ಮತ್ತು ಎರಡನೆಯ ನಿಯಮ ಬೇರೆ ಬೇರೆ ಎಂದು ಬಹಳ ಜನ ಓದುತ್ತಾರೆ. ಲಂಚ ತಿನ್ನದಿದ್ದರೆ ಒಂದನೆಯದು ಪಾಸು, ಕೋರ್ಸು ಮಾಡಿದರೆ ಎರಡನೆಯದು ಪಾಸು. ನನ್ನ ಗುಂಡಿಯಲ್ಲಿ ಎರಡೂ ಒಂದೇ ಆಗಿದ್ದವು. ನಾನು ಯಾರಿಂದಲೂ ಒಂದು ರೂಪಾಯಿ ಮುಟ್ಟಿರಲಿಲ್ಲ. ಆದರೆ ನೋಡದೇ ಇದ್ದದ್ದನ್ನು ನೋಡಿದ್ದೇನೆ ಎಂದು ಸಹಿ ಹಾಕಿದ್ದೆ. ಅದು ಸುಳ್ಳು ತಾನೇ?

ಕೆಲಸ ಬಾರದಿದ್ದರೂ ಅನ್ಯಾಯ ಆಗುತ್ತದೆ, ಅದೂ ಎರಡು ಕಡೆಗೂ. ನಾನು ಹೊಸಬನಾಗಿದ್ದಾಗ ದಾವಣಗೆರೆಯಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಪ್ಲಾಸ್ಟರ್ ಅಳೆದಿದ್ದೆ. 60 ಕಿಟಕಿ, ಒಂದೊಂದೂ 1.8 ಚದರ ಮೀಟರ್. ಗೋಡೆಯ ಎರಡೂ ಮುಖದಿಂದ ಕಿಟಕಿ ಕಳೆದುಬಿಟ್ಟೆ. ನಮ್ಮ ಅಳತೆಯ ಮಾನಕ ಐಎಸ್ 1200ರ ಪ್ರಕಾರ ಎರಡೂ ಕಡೆ ಒಂದೇ ಪ್ಲಾಸ್ಟರ್ ಇದ್ದರೆ, ಅರ್ಧ ಚದರ ಮೀಟರಿನಿಂದ ಮೂರು ಚದರ ಮೀಟರ್ ತನಕದ ಕಿಂಡಿಗೆ ಒಂದು ಮುಖ ಮಾತ್ರ ಕಳೆಯಬೇಕು. ಕಿಟಕಿಯ ಒಳಬದಿಗಳನ್ನು ಬೇರೆ ಅಳೆಯದಿರುವುದಕ್ಕೆ ಅದು ಸರಿದೂಗುತ್ತದೆ. ನನಗೆ ಗೊತ್ತಿರಲಿಲ್ಲ. ಗಾರೆ ಮೇಸ್ತ್ರಿಗೆ 108 ಚದರ ಮೀಟರಿನ ಕೂಲಿ ಕಡಿಮೆ ಬಂತು. ಅವರು ಓದಿದವರಲ್ಲ. ‘ಏನೋ ತಪ್ಪಿದೆ ನೋಡಿ ಸಾರ್, ಹುಡುಗರಿಗೆ ಬಟವಾಡೆ ಸಾಲ್ತಿಲ್ಲ’ ಎಂದು ಮೂರು ಸಲ ಬಂದು ಕೇಳಿದರು. ಮೂರನೇ ಸಲ ಪುಸ್ತಕ ತೆಗೆದೆ. ಮೊದಲ ಸಲವೇ ತೆಗೆಯಬೇಕಿತ್ತು. ಎಪಿಸಿಗೆ ತಯಾರಾಗುವವರು ವರ್ಷಕ್ಕೆ 48 ಗಂಟೆ ಕಲಿಕೆಯ ಲೆಕ್ಕ ತೋರಿಸಬೇಕು. ಅದನ್ನು ವೆಬಿನಾರ್ ಹಚ್ಚಿಟ್ಟು ತುಂಬಿಸುವವರಿಗೆ ನಾನು ಆ ಮೇಸ್ತ್ರಿಯ ವಿಷಯ ಹೇಳುತ್ತೇನೆ.

ಉಡುಗೊರೆ, ನೆಂಟಸ್ತಿಕೆ ಬಗ್ಗೆಯೂ ಹುಡುಗರು ತುಂಬಾ ಕೇಳುತ್ತಾರೆ. ನಮ್ಮ ಊರಿನಲ್ಲಿ ತಿಂಡಿ ಕೊಡಿಸುವುದು ಪ್ರೀತಿ. ಬೆಣ್ಣೆ ದೋಸೆ ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ನಾನು ಬೇಡ ಅನ್ನುವುದಿಲ್ಲ, ನನ್ನ ಟೇಬಲ್ ಮೇಲೆ ಅವರ ಬಿಲ್ ಇರುವಾಗ ದೋಸೆಯ ದುಡ್ಡು ನಾನು ಕೊಡುತ್ತೇನೆ. ದೀಪಾವಳಿ ಡಬ್ಬಿ ಬಂದರೆ ಆಫೀಸಿನ ರಿಜಿಸ್ಟರಿನಲ್ಲಿ ಬರೆದು ಎಲ್ಲರಿಗೂ ಹಂಚುತ್ತೇವೆ, ಸ್ವೀಟಿಗಿಂತ ದೊಡ್ಡದಾದರೆ ವಾಪಸ್. ಒಮ್ಮೆ ನನ್ನ ಸೋದರಮಾವನ ಮಗ ಅಲ್ಯೂಮಿನಿಯಂ ಕಿಟಕಿಗೆ ಕೊಟೇಶನ್ ಹಾಕಿದ. ಮಾಲೀಕರಿಗೆ ಬರೆದು ತಿಳಿಸಿ, ಆ ಹೋಲಿಕೆ ಪಟ್ಟಿಯನ್ನು ನಾನು ಮುಟ್ಟಲಿಲ್ಲ. ಅವನಿಗೆ ಕೆಲಸ ಸಿಗಲಿಲ್ಲ. ಮಾವ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ, ಅತ್ತೆ ಮಾತ್ರ ‘ನೀನು ಮಾಡಿದ್ದು ಸರಿ ಬಿಡಪ್ಪ’ ಅಂದರು.

ಎಪಿಸಿಯ ಸಂದರ್ಶನ ಒಂದು ಗಂಟೆ. ಮೊದಲ ಹತ್ತು ನಿಮಿಷ ನಮ್ಮ ಕೇಸ್ ಸ್ಟಡಿ ಹೇಳಬೇಕು. ನಾನು ಗೋದಾಮಿನ ಕೆಲಸವನ್ನೇ ತೆಗೆದುಕೊಂಡಿದ್ದೆ, ಮಾಲೀಕರ ಒಪ್ಪಿಗೆ ಪತ್ರ ಪಡೆದೇ ಬರೆದಿದ್ದೆ. ಇದನ್ನು ಮರೆಯಬೇಡಿ, ಗ್ರಾಹಕರ ಲೆಕ್ಕ ನಮ್ಮ ಸ್ವತ್ತಲ್ಲ. ಪರೀಕ್ಷಕರೊಬ್ಬರು ಕೇಳಿದರು, ನೀವು ಹೇಳದೇ ಇದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ?

‘ಗೋಡೆ ಬಿರುಕು ಬಿಡುವವರೆಗೆ ಗೊತ್ತಾಗುತ್ತಿರಲಿಲ್ಲ’ ಎಂದೆ.

ಮೂರೇ ಗುಂಡಿ ಯಾಕೆ ನೋಡಿದಿರಿ ಎಂದರು. ಸಮರ್ಥನೆಗೆ ಒಂದು ಉತ್ತರ ತಯಾರು ಮಾಡಿಕೊಂಡಿದ್ದೆ. ಬಾಯಿಗೆ ಬರಲಿಲ್ಲ. ತಡವಾಗಿತ್ತು, ಅವರನ್ನು ನಂಬಿದೆ, ಉಳಿದವು ಹಾಗೇ ಇರುತ್ತವೆ ಅಂದುಕೊಂಡೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಈಗ ಏನು ಮಾಡುತ್ತೀರಿ ಎಂದು ಕೇಳಿದರು. ಮುಚ್ಚಿಹೋಗುವ ಯಾವುದೇ ಕೆಲಸಕ್ಕೆ ಎರಡೂ ಕಡೆಯವರು ಸೇರಿ ಅಳೆಯುತ್ತೇವೆ. ಪ್ರತಿ ಗುಂಡಿಗೆ ನಂಬರ್ ಹಲಗೆ ಇಟ್ಟು ಫೋಟೋ ತೆಗೆಯುತ್ತೇವೆ. ಅವತ್ತೇ, ಅಲ್ಲೇ ಸಹಿ. ನೋಡದ ಗುಂಡಿಯ ಮುಂದೆ ‘ನೋಡಿಲ್ಲ’ ಎಂದು ಬರೆಯುತ್ತೇವೆ. ಪಾಸಾದೆ.

ಹೋದ ವಾರ ನಮ್ಮ ಆಫೀಸಿನ ಹೊಸ ಹುಡುಗಿ ಹೊಳಲ್ಕೆರೆ ರಸ್ತೆಯ ಸೈಟಿನಿಂದ ಫೋನ್ ಮಾಡಿದಳು. ದನಿ ಸ್ವಲ್ಪ ನಡುಗುತ್ತಿತ್ತು. ‘ಸರ್, ನಾನು ಬರೋಕೆ ಮುಂಚೆನೇ ಎರಡು ಗುಂಡಿಗೆ ಪಿಸಿಸಿ ಹಾಕಿದ್ದಾರೆ. ಕಲ್ಲು ಇತ್ತು ಅಂತಿದ್ದಾರೆ. ಏನು ಬರೀಲಿ?’

‘ನೋಡಿಲ್ಲ ಅಂತ ಬರಿಯಮ್ಮ. ರಾಶಿ ಎಲ್ಲಿ ಹಾಕಿದಾರೆ ಕೇಳು’ ಎಂದೆ.

ಕಂಟ್ರಾಕ್ಟರ್ ಬೇಜಾರಾಗಿದ್ದಾರೆ. ಉಳಿದ ಹದಿನಾಲ್ಕು ಗುಂಡಿ ಇನ್ನೂ ತೆರೆದಿವೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅವರೂ ಬರುತ್ತಾರೆ, ನಾನೂ ಹೋಗುತ್ತಿದ್ದೇನೆ. ಸ್ಟಾಫ್ ಹಿಡಿದು ತಾನೇ ಕೆಳಗೆ ಇಳಿಯುತ್ತೇನೆ ಎಂದು ಹುಡುಗಿ ಹೇಳಿದ್ದಾಳೆ.